ಓದುಗರ ಪ್ರಶ್ನೆಗಳಿಗೆ ಉತ್ತರ: ಹಬೆಯ ದಾರಿಯಲ್ಲಿ ನಿಂತ ನೀರು

ಸಣ್ಣ ಕಾರ್ಖಾನೆಗಳ ಬಾಯ್ಲರುಗಳ ಬಗ್ಗೆ ಪ್ರಶ್ನೆಗಳನ್ನು ಕಳುಹಿಸಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿಕೊಂಡಿದ್ದೆವು. ಕಾಸರಗೋಡಿನಿಂದಲೂ, ಗಡಿಯ ಆಚೆ ಮಹಾರಾಷ್ಟ್ರ, ಆಂಧ್ರ ಮತ್ತು ತಮಿಳುನಾಡುಗಳಲ್ಲಿ ನೆಲೆಸಿರುವ ಕನ್ನಡಿಗರಿಂದಲೂ ಬಂದ ಪತ್ರಗಳಲ್ಲಿ ಹೆಚ್ಚಿನವು ಬಾಯ್ಲರನ್ನು ಬಿಟ್ಟು, ಹಬೆಯ ಕೊಳವೆಯ ಕೊನೆಯಲ್ಲಿ ಕೂರುವ ಸ್ಟೀಮ್ ಟ್ರ್ಯಾಪ್ ಎಂಬ ಚಿಕ್ಕ ಸಾಧನದ ಬಗ್ಗೆಯೇ ಕೇಳಿದ್ದವು. ಆದ್ದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಕುಂಬಳೆಯ ಸಮೀಪದ ಗೇರುಬೀಜ ಕಾರ್ಖಾನೆಯೊಂದರಲ್ಲಿ ನಾನು ಮೇಲ್ವಿಚಾರಕಿ. ಬೀಜ ಬೇಯಿಸುವ ಕುಕ್ಕರಿಗೂ ತಿರುಳು ಒಣಗಿಸುವ ಬೋರ್ಮಕ್ಕೂ ಒಂದೇ ಬಾಯ್ಲರಿನಿಂದ ಹಬೆ ಬರುತ್ತದೆ. ಬೋರ್ಮದ ಹೊರಗೆ, ಮಾಡಿನ ನೀರು ಬೀಳುವ ಕಡೆ, ಒಂದು ಟ್ರ್ಯಾಪ್ ಇದೆ. ಬೇಸಿಗೆಯಲ್ಲಿ ಅದು ಆಗಾಗ ಟಕ್ ಎಂದು ಬಿಸಿನೀರನ್ನು ಉಗುಳಿ ಸುಮ್ಮನಾಗುತ್ತದೆ. ಆಟಿ ತಿಂಗಳ ಮಳೆಯಲ್ಲಿ ಮಾತ್ರ ಎಡೆಬಿಡದೆ ಬಡಿಯುತ್ತಲೇ ಇರುತ್ತದೆ. ಹಬೆ ಪೋಲಾಗುತ್ತಿದೆ ಎಂದು ನಮ್ಮವರೊಬ್ಬರು ಅದರ ಹಿಂದಿನ ವಾಲ್ವನ್ನು ಮುಕ್ಕಾಲು ಭಾಗ ಮುಚ್ಚಿದರು. ಅಂದಿನಿಂದ ತಿರುಳು ಸರಿಯಾಗಿ ಒಣಗುತ್ತಿಲ್ಲ, ಒಳಸಿಪ್ಪೆ ಬಿಡುತ್ತಿಲ್ಲ. ಟ್ರ್ಯಾಪ್ ಹಾಳಾಗಿದೆಯೇ? ಅದು ಅಲ್ಲಿ ಏಕೆ ಬೇಕು?

ಉತ್ತರ: ಮೊದಲು ಆ ವಾಲ್ವನ್ನು ನಿಧಾನವಾಗಿ ಪೂರ್ತಿ ತೆರೆಯಿಸಿ, ಉಳಿದದ್ದನ್ನು ಅನಂತರ ಓದಿದರೂ ತೊಂದರೆಯಿಲ್ಲ.

ಟ್ರ್ಯಾಪ್ ಏಕೆ ಬೇಕು ಎಂಬುದಕ್ಕೆ ಉತ್ತರ ನಿಮ್ಮ ಅಡುಗೆಮನೆಯ ಅಟ್ಟಿನಳಗೆಯಲ್ಲೇ ಇದೆ. ಕಡುಬು ಬೇಯುವಾಗ ಮುಚ್ಚಳವನ್ನೆತ್ತಿ ನೋಡಿದರೆ ಅದರ ಒಳಮೈಯಲ್ಲಿ ಹನಿಗಳು ಸಾಲುಗಟ್ಟಿರುತ್ತವೆ. ಹಬೆಯು ಮುಚ್ಚಳಕ್ಕೆ ತನ್ನ ಶಾಖವನ್ನು ಒಪ್ಪಿಸಿ ನೀರಾದ ಗುರುತು ಅದು. ಒಂದು ಕಿಲೋ ನೀರನ್ನು ಸೊನ್ನೆ ಡಿಗ್ರಿಯಿಂದ 100 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಲು 100 ಕಿಲೋಕ್ಯಾಲರಿ ಸಾಕು. ಆದರೆ ಕುದಿಯುತ್ತಿರುವ ಅದೇ ನೀರು, ಒಂದು ಡಿಗ್ರಿಯೂ ಮೇಲೇರದೆ, ಬರಿದೇ ಹಬೆಯಾಗಿ ಮಾರ್ಪಡಲು ಇನ್ನೂ ಸುಮಾರು 539 ಕಿಲೋಕ್ಯಾಲರಿ ಬೇಕಾಗುತ್ತದೆ. ಹದಿನೆಂಟನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಗುರುತಿಸಿದ ಈ ಅಡಗಿದ ಶಾಖವನ್ನು ನಮ್ಮ ಪಠ್ಯಪುಸ್ತಕಗಳು ಗುಪ್ತೋಷ್ಣ ಎನ್ನುತ್ತವೆ. ಕಾರ್ಖಾನೆಗೆ ಬೇಕಾದದ್ದು ಈ ಶಾಖವೇ, ಮತ್ತು ಹಬೆಯು ನೀರಾದ ಕ್ಷಣದಲ್ಲಿ ಮಾತ್ರ ಅದು ಕೈಗೆ ಸಿಗುತ್ತದೆ.

ನಿಮ್ಮ ಬೋರ್ಮದ ಕಾಯಿಲ್‌ನಲ್ಲಿ, ಎಂದರೆ ಹಬೆ ಹರಿಯುವ ಸುತ್ತುಕೊಳವೆಯಲ್ಲಿ, 7 ಕೆಜಿ (ಚದರ ಸೆಂಟಿಮೀಟರಿಗೆ) ಒತ್ತಡದ ಹಬೆ ಇದೆಯೆಂದುಕೊಳ್ಳೋಣ. ಅದರ ಉಷ್ಣತೆ ಸುಮಾರು 170 ಡಿಗ್ರಿ. ಪ್ರತಿ ಕಿಲೋ ಹಬೆಯೂ ಸುಮಾರು 490 ಕಿಲೋಕ್ಯಾಲರಿಯನ್ನು ಕಾಯಿಲ್‌ನ ಗೋಡೆಗೆ ಕೊಟ್ಟು, 170 ಡಿಗ್ರಿಯ ನೀರಾಗಿ ತಳಕ್ಕೆ ಇಳಿಯುತ್ತದೆ. ಈ ನೀರನ್ನೇ ಕಂಡೆನ್ಸೇಟ್ ಎನ್ನುವುದು. ಅದು ಇನ್ನೂ ಸುಡುವಷ್ಟು ಬಿಸಿಯಾಗಿದೆಯಲ್ಲ, ಅಲ್ಲೇ ಇದ್ದರೇನು ಎಂದು ತೋರಬಹುದು. ಆದರೆ ಒಂದು ಕಿಲೋ ನೀರು ಒಂದು ಡಿಗ್ರಿ ತಣಿದಾಗ ಕೊಡುವುದು ಹೆಚ್ಚುಕಡಿಮೆ ಒಂದೇ ಒಂದು ಕಿಲೋಕ್ಯಾಲರಿ. ಹೊಸ ಹಬೆ ಬಂದು 490 ಕೊಡಬೇಕಾದ ಜಾಗವನ್ನು ಒಂದೊಂದಾಗಿ ಕೊಡುವ ನೀರು ಆಕ್ರಮಿಸಿಕೊಂಡರೆ, ಕಾಯಿಲ್‌ನ ಅಷ್ಟು ಉದ್ದವು ಇದ್ದೂ ಇಲ್ಲದಂತೆ ಆಗುತ್ತದೆ. ವಾಲ್ವ್ ಮುಚ್ಚಿದ ಮೇಲೆ ನಿಮ್ಮ ಬೋರ್ಮದಲ್ಲಿ ನಡೆದದ್ದು ಇದೇ. ಹೊರಹೋಗಲಾರದ ನೀರು ಕೆಳಗಿನ ಸುತ್ತುಗಳಿಂದ ಮೇಲಕ್ಕೆ ತುಂಬುತ್ತ ಬಂತು, ಗಾಳಿ ಬಿಸಿಯೇರಲಿಲ್ಲ, ತಿರುಳಿನ ತೇವ ಹೋಗಲಿಲ್ಲ, ಸಿಪ್ಪೆ ಸಡಿಲಲಿಲ್ಲ.

ಹಾಗಿದ್ದರೆ ಕಾಯಿಲ್‌ನ ತುದಿಯಲ್ಲಿ ಒಂದು ತೂತು ಇಟ್ಟರೆ ಸಾಲದೇ ಎಂಬ ಪ್ರಶ್ನೆ ಸಹಜ. ನೀರಿನ ಜೊತೆಗೆ ಹಬೆಯೂ ಹೋಗುತ್ತದೆ. 7 ಕೆಜಿ ಒತ್ತಡದಲ್ಲಿ 3 ಮಿಲಿಮೀಟರ್ ಅಗಲದ ತೂತಿನಿಂದ ಗಂಟೆಗೆ ಸುಮಾರು 25ರಿಂದ 30 ಕಿಲೋ ಹಬೆ ಹಾರಿಹೋಗಬಲ್ಲದು. ದಿನವಿಡೀ ನಡೆಯುವ ಬಾಯ್ಲರಿನಲ್ಲಿ ಅದು 600 ಕಿಲೋ ಮೀರುತ್ತದೆ. ಒಂದು ಕಿಲೋ ಸೌದೆಯಿಂದ ಮೂರು ನಾಲ್ಕು ಕಿಲೋ ಹಬೆ ಬರುತ್ತದೆಂದು ಹಿಡಿದರೆ, ಆ ಒಂದು ತೂತಿಗಾಗಿ ನಿತ್ಯವೂ ಒಂದೂವರೆ ಕ್ವಿಂಟಲ್‌ಗೂ ಹೆಚ್ಚು ಸೌದೆ ಉರಿಸಬೇಕು. ಆದ್ದರಿಂದ ನೀರು ಬಂದಾಗ ತೆರೆದು, ಹಬೆ ಬಂದಾಗ ಮುಚ್ಚಿಕೊಳ್ಳುವ ಬಾಗಿಲೊಂದು ಬೇಕು. ಅದಕ್ಕೆ ಕಾವಲುಗಾರರಿರಬಾರದು, ವಿದ್ಯುತ್ತೂ ಬೇಡ. ಟ್ರ್ಯಾಪ್ ಎಂದರೆ ಅಂತಹ ಬಾಗಿಲು.

ನೀರನ್ನೂ ಹಬೆಯನ್ನೂ ಬೇರೆಬೇರೆಯಾಗಿ ಗುರುತಿಸಲು ಟ್ರ್ಯಾಪುಗಳು ಬಳಸುವ ದಾರಿಗಳು ಮೂರು. ನೀರು ಭಾರ, ಹಬೆ ಹಗುರ ಎಂಬುದನ್ನು ಹಿಡಿದು ಕೆಲಸ ಮಾಡುವವು ಫ್ಲೋಟ್ ಮತ್ತು ಬಕೆಟ್ ಟ್ರ್ಯಾಪುಗಳು. ನಿಂತ ನೀರು ಹಬೆಗಿಂತ ತುಸು ತಣ್ಣಗಾಗುತ್ತದೆ ಎಂಬುದನ್ನು ನೆಚ್ಚಿಕೊಂಡವು ಥರ್ಮೋಸ್ಟ್ಯಾಟಿಕ್ ಟ್ರ್ಯಾಪುಗಳು. ಮೂರನೆಯದು ಡಿಸ್ಕ್ ಟ್ರ್ಯಾಪ್; ನಿಮ್ಮ ಪತ್ರದಲ್ಲಿರುವ ಸದ್ದಿನ ವಿವರದಿಂದ ನಿಮ್ಮದು ಇದೇ ಎಂದು ತಿಳಿಯುತ್ತದೆ.

ಡಿಸ್ಕ್ ಟ್ರ್ಯಾಪಿನೊಳಗೆ ಚಲಿಸುವ ಭಾಗ ಒಂದೇ, ದೊಡ್ಡ ನಾಣ್ಯದಂತಹ ಒಂದು ಉಕ್ಕಿನ ಬಿಲ್ಲೆ. ನೀರು ಬಂದಾಗ ಬಿಲ್ಲೆಯನ್ನು ಮೇಲೆತ್ತಿ ಹೊರಗೆ ಹರಿಯುತ್ತದೆ. ಒತ್ತಡದಲ್ಲಿದ್ದ 170 ಡಿಗ್ರಿಯ ನೀರು ತೆರೆದ ಗಾಳಿಯ ಒತ್ತಡಕ್ಕೆ ಇಳಿದೊಡನೆ ಪೂರ್ತಿಯಾಗಿ ನೀರಾಗಿ ಉಳಿಯಲಾರದು. ಅದರ ಸುಮಾರು 13 ಶೇಕಡಾ ಭಾಗ ಆ ಕ್ಷಣವೇ ಮತ್ತೆ ಹಬೆಯಾಗುತ್ತದೆ. ಮೊದಲು ಬಂದ, ತುಸು ತಣಿದ ನೀರಿನ ಹಿಂದೆ ಹಬೆಯಷ್ಟೇ ಬಿಸಿಯಾದ ಕಂಡೆನ್ಸೇಟ್ ಬಂದಾಗ, ಹೀಗೆ ಹುಟ್ಟಿದ ಹಬೆ ಬಿಲ್ಲೆಯ ಅಡಿಯಲ್ಲಿ ಭಾರಿ ವೇಗದಿಂದ ಹಾಯುತ್ತದೆ. ವೇಗ ಹೆಚ್ಚಿದಲ್ಲಿ ಒತ್ತಡ ಇಳಿಯುತ್ತದೆ, ಬಿಲ್ಲೆ ಕೆಳಕ್ಕೆ ಸೆಳೆಯಲ್ಪಡುತ್ತದೆ. ಅದೇ ಹೊತ್ತಿಗೆ ಬಿಲ್ಲೆಯ ಮೇಲಿನ ಪುಟ್ಟ ಕೋಣೆಯಲ್ಲಿ ಹಬೆ ಸೇರಿಕೊಂಡು ಅದನ್ನು ಒತ್ತಿ ಹಿಡಿಯುತ್ತದೆ. ಟಕ್ ಎಂಬ ಸದ್ದು ಈ ಮುಚ್ಚುವಿಕೆಯದು. ಕೋಣೆಯ ಹಬೆ ನಿಧಾನವಾಗಿ ತಣಿದು ನೀರಾದ ಮೇಲೆ ಹಿಡಿತ ಸಡಿಲಿ, ಬಿಲ್ಲೆ ಮತ್ತೆ ಏಳುತ್ತದೆ. ಬಿಲ್ಲೆ ಎಷ್ಟು ಹೊತ್ತು ಮುಚ್ಚಿರಬೇಕೆಂಬುದನ್ನು ನಿರ್ಧರಿಸುವುದು ಆ ಕೋಣೆ ತಣಿಯುವ ವೇಗ ಎಂಬುದನ್ನು ದಯವಿಟ್ಟು ಗಮನಿಸಿ.

ನಿಮ್ಮ ಆಟಿಯ ಗುಟ್ಟು ಇಲ್ಲಿದೆ. ಮಾಡಿನಿಂದ ಸುರಿಯುವ ಮಳೆನೀರು ಟ್ರ್ಯಾಪಿನ ಟೋಪಿಯ ಮೇಲೆ ನೇರವಾಗಿ ಬೀಳುತ್ತದೆ, ಒಳಗಿನ ಹಬೆ ಕ್ಷಣದಲ್ಲಿ ತಣಿಯುತ್ತದೆ, ಹೊರಬಿಡಲು ನೀರು ಸೇರಿರಲಿ ಬಿಡಲಿ ಬಿಲ್ಲೆ ಏಳುತ್ತದೆ. ಹೀಗೆ ಅಕಾಲದಲ್ಲಿ ಎದ್ದಾಗಲೆಲ್ಲ ಸ್ವಲ್ಪ ನಿಜವಾದ ಹಬೆಯೂ ಹೋಗುತ್ತದೆ, ಬಿಲ್ಲೆಯೂ ಅದರ ಪೀಠವೂ ಬೇಗ ಸವೆಯುತ್ತವೆ. ಆದ್ದರಿಂದ ಹಬೆ ಪೋಲಾಗುತ್ತಿದೆ ಎಂದ ನಿಮ್ಮವರ ಅನುಮಾನ ಪೂರ್ತಿ ತಪ್ಪಲ್ಲ. ಅವರು ಮಾಡಿದ ಮದ್ದು ಮಾತ್ರ ತಪ್ಪು. ಟ್ರ್ಯಾಪಿನ ಮೇಲೆ ಒಂದು ತಗಡಿನ ಮಾಡು ಹಾಕಿಸಿ, ಅಥವಾ ಇದಕ್ಕೆಂದೇ ತಯಾರಕರು ಮಾರುವ ಹೊರಟೋಪಿಯನ್ನು ತರಿಸಿ. ಟ್ರ್ಯಾಪನ್ನೇ ದಪ್ಪವಾಗಿ ಗ್ಲಾಸ್ ವುಲ್‌ನಲ್ಲಿ ಸುತ್ತಿಬಿಡಬೇಡಿ. ಆಗ ಕೋಣೆ ತಣಿಯುವುದೇ ತಡವಾಗಿ ನೀರು ಹಿಂದೆ ನಿಲ್ಲುತ್ತದೆ. ಮಳೆಯಿಲ್ಲದ ದಿನವೂ ಹಾಗೆಯೇ ಎಡೆಬಿಡದೆ ಬಡಿದರೆ ಬಿಲ್ಲೆ ಸವೆದಿದೆ ಎಂದರ್ಥ.

ನನ್ನನ್ನು ಕೇಳಿದರೆ ಬೋರ್ಮದ ಕಾಯಿಲ್‌ಗೆ ಡಿಸ್ಕ್‌ಗಿಂತ ಫ್ಲೋಟ್ ಟ್ರ್ಯಾಪ್ ಒಳ್ಳೆಯದು. ಅದರಲ್ಲಿ ಟೊಳ್ಳು ಗುಂಡೊಂದು ನೀರಿನ ಮಟ್ಟದೊಡನೆ ಏರಿಳಿಯುತ್ತ ವಾಲ್ವನ್ನು ಬೇಕಾದಷ್ಟೇ ತೆರೆಯುವುದರಿಂದ ನೀರು ಬಂದಂತೆಲ್ಲ ಬಿಡುವಿಲ್ಲದೆ ಹರಿದುಹೋಗುತ್ತದೆ. ಮೇಲ್ಭಾಗದಲ್ಲಿ ಗಾಳಿ ಬಿಡುವ ಬೇರೊಂದು ಕಿಂಡಿಯೂ ಇರುತ್ತದೆ. ಈ ಗಾಳಿಯನ್ನು ಹಗುರವಾಗಿ ಎಣಿಸಬೇಡಿ. ಬೆಳಿಗ್ಗೆ ಹಬೆ ಬಿಡುವ ಮೊದಲು ಕಾಯಿಲ್‌ನ ತುಂಬ ಇರುವುದು ಗಾಳಿಯೇ. ಒತ್ತಡಮಾಪಕ ತೋರಿಸುವುದು ಗಾಳಿ ಮತ್ತು ಹಬೆ ಎರಡರ ಒಟ್ಟು ಒತ್ತಡವನ್ನು. ಹೊರಗಿನ ವಾತಾವರಣದ ಒತ್ತಡವನ್ನೂ ಲೆಕ್ಕಕ್ಕೆ ಸೇರಿಸಿ ಒಟ್ಟು 4 ಬಾರ್ ಒತ್ತಡದಲ್ಲಿ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ಒಂದು ಕೆಜಿ ಒತ್ತಡ) ಕಾಲು ಭಾಗ ಗಾಳಿಯದ್ದಾದರೆ ಹಬೆಯ ಪಾಲು 3 ಬಾರ್ ಮಾತ್ರ, ಮತ್ತು ಒಳಗಿನ ಉಷ್ಣತೆ 143 ಡಿಗ್ರಿಯ ಬದಲು 133ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಮಾಪಕದ ಮುಳ್ಳು ಸರಿಯಾಗಿದ್ದರೂ ಬೋರ್ಮ ಏಕೆ ಬಿಸಿಯಾಗಲಿಲ್ಲ ಎಂದು ತಲೆಕೆಡಿಸಿಕೊಂಡ ಎಷ್ಟೋ ಮುಂಜಾನೆಗಳಿಗೆ ಇದು ಕಾರಣ.

ಪ್ರಶ್ನೆ: ಮಂಜೇಶ್ವರದ ಕನ್ನಡ ಮಾಧ್ಯಮ ಶಾಲೆಯ ವಿದ್ಯಾರ್ಥಿ ನಾನು. ಸ್ಟೀಮ್ ಟ್ರ್ಯಾಪ್‌ಗೆ ಕನ್ನಡದಲ್ಲಿ ಏನೆನ್ನಬೇಕು?

ಉತ್ತರ: ಕೆಲಸದ ಜಾಗದಲ್ಲಿ ಎಲ್ಲರೂ ಟ್ರ್ಯಾಪ್ ಎಂದೇ ಕರೆಯುತ್ತಾರೆ, ನೀನೂ ಹಾಗೆಯೇ ಕರೆದರೆ ತಪ್ಪಿಲ್ಲ. ಅರ್ಥವನ್ನು ಹಿಡಿಯಬೇಕಾದರೆ "ಹಬೆತಡೆ" ಎಂದು ನೆನಪಿಟ್ಟುಕೋ. ಅದು ನೀರನ್ನು ಹಿಡಿದಿಡುವ ಬೋನೆಂದು ಹಲವರು ತಪ್ಪಾಗಿ ತಿಳಿದಿದ್ದಾರೆ. ಅದು ಹಿಡಿದಿಡುವುದು ಹಬೆಯನ್ನು, ಬಿಟ್ಟುಕೊಡುವುದು ನೀರನ್ನು ಮತ್ತು ಗಾಳಿಯನ್ನು.

ಪ್ರಶ್ನೆ: ನಾವು ಅಕ್ಕಲಕೋಟೆಯವರು, ಸೊಲ್ಲಾಪುರದ ಟವೆಲ್ ಮತ್ತು ಚಾದರಗಳಿಗೆ ನೂಲು, ಬಟ್ಟೆ ಬಣ್ಣ ಹಾಕುವ ಘಟಕ ನಡೆಸುತ್ತೇವೆ. ಆರು ಜಿಗ್ಗರುಗಳ (ಬಟ್ಟೆಗೆ ಬಣ್ಣ ಹಾಕುವ ಯಂತ್ರಗಳ) ಕಾಯಿಲ್‌ಗಳಿಂದ ಬರುವ ಕಂಡೆನ್ಸೇಟನ್ನು ಒಂದೇ ಕೊಳವೆಗೆ ಸೇರಿಸಿ, ಕೊನೆಯಲ್ಲಿ ಒಂದು ದೊಡ್ಡ ಟ್ರ್ಯಾಪ್ ಹಾಕಿದ್ದೇವೆ. ಎರಡು ಜಿಗ್ಗರುಗಳು ಬಿಸಿಯಾಗಲು ಬಹಳ ತಡಮಾಡುತ್ತವೆ. ಟ್ರ್ಯಾಪನ್ನು ಬಳಸಿಕೊಂಡು ಹೋಗುವ ಬೈಪಾಸ್ ಕೊಳವೆಯನ್ನು ತೆರೆದರೆ ಸರಿಹೋಗುತ್ತದೆ. ಇನ್ನೂ ದೊಡ್ಡ ಟ್ರ್ಯಾಪ್ ಬೇಕೇ?

ಉತ್ತರ: ಬೇಡ. ಆರು ಚಿಕ್ಕ ಟ್ರ್ಯಾಪುಗಳು ಬೇಕು, ಒಂದೊಂದು ಜಿಗ್ಗರಿಗೆ ಒಂದೊಂದು.

ಆರೂ ಜಿಗ್ಗರುಗಳು ಒಂದೇ ಹೊತ್ತಿಗೆ ಒಂದೇ ಕೆಲಸ ಮಾಡುತ್ತಿರುವುದಿಲ್ಲ. ಒಂದರಲ್ಲಿ ಈಗಷ್ಟೇ ತಣ್ಣೀರು ತುಂಬಿ ಬಿಸಿಗೆ ಇಟ್ಟಿರುತ್ತೀರಿ. ಅದು ಹಬೆಯನ್ನು ಹೇರಳವಾಗಿ ನೀರಾಗಿಸುವುದರಿಂದ ಅದರ ಕಾಯಿಲ್‌ನ ಕೊನೆಯಲ್ಲಿ ಒತ್ತಡ ಕಡಿಮೆ. ಇನ್ನೊಂದು ಆಗಲೇ ಕುದಿಯುತ್ತಿದ್ದು, ಹಬೆಯನ್ನು ಹೆಚ್ಚು ಬಳಸದ ಕಾರಣ ಅಲ್ಲಿ ಒತ್ತಡ ಹೆಚ್ಚು. ಎರಡನ್ನೂ ಒಂದೇ ಕೊಳವೆಗೆ ಸೇರಿಸಿದಾಗ ಹೆಚ್ಚು ಒತ್ತಡದ ಕಡೆಯ ಹಬೆ ಬಂದು ಟ್ರ್ಯಾಪಿನ ಬಾಗಿಲು ಮುಚ್ಚಿಸುತ್ತದೆ, ಕಡಿಮೆ ಒತ್ತಡದ ಕಾಯಿಲ್‌ನ ನೀರು ತನ್ನ ಸರದಿಗಾಗಿ ಕಾದು ಅಲ್ಲೇ ನಿಲ್ಲುತ್ತದೆ. ಎಂದರೆ ಶಾಖ ಯಾರಿಗೆ ಎಲ್ಲರಿಗಿಂತ ಹೆಚ್ಚು ಬೇಕೋ ಅವರ ನೀರೇ ಕೊನೆಗೆ ಹೋಗುತ್ತದೆ. ಟ್ರ್ಯಾಪಿನ ಗಾತ್ರವನ್ನು ಎಷ್ಟು ಹಿಗ್ಗಿಸಿದರೂ ಈ ಅನ್ಯಾಯ ತಪ್ಪುವುದಿಲ್ಲ. ಬೈಪಾಸ್ ತೆರೆದಾಗ ಸರಿಹೋದಂತೆ ಕಾಣುವುದು, ಮೊದಲ ಉತ್ತರದಲ್ಲಿ ನಾನು ಹೇಳಿದ ತೂತನ್ನೇ ನೀವು ಇನ್ನೂ ಅಗಲವಾಗಿ ತೆರೆದಿಟ್ಟದ್ದರಿಂದ.

ನಿಮ್ಮ ಭಾಗದಲ್ಲಿ ಮಳೆ ಕಡಿಮೆ, ಕೊಳವೆಬಾವಿಯ ನೀರು ಗಡಸು. ಆದ್ದರಿಂದ ನೀವು ಕೇಳದ ಒಂದು ಮಾತನ್ನೂ ಸೇರಿಸುತ್ತೇನೆ. ಕಂಡೆನ್ಸೇಟ್ ಎಂದರೆ ಬಟ್ಟಿ ಇಳಿಸಿದ ನೀರು. ಅದರಲ್ಲಿ ಬಾಯ್ಲರಿನ ಟ್ಯೂಬುಗಳಿಗೆ ಪದರ ಕಟ್ಟುವ ಸುಣ್ಣದ ಅಂಶ ಇಲ್ಲವೆಂದೇ ಹೇಳಬೇಕು, ಮೇಲಾಗಿ ಅದು ಆಗಲೇ ಬಿಸಿಯಾಗಿದೆ. ಬಾಯ್ಲರಿಗೆ ಹೋಗುವ ನೀರಿನ ಉಷ್ಣತೆ 6 ಡಿಗ್ರಿ ಏರಿದರೆ ಇಂಧನದಲ್ಲಿ ಸುಮಾರು ಶೇಕಡಾ 1ರಷ್ಟು ಉಳಿತಾಯವಾಗುತ್ತದೆ. 30 ಡಿಗ್ರಿಯ ನೀರಿನ ಬದಲು 80 ಡಿಗ್ರಿಯದ್ದು ಒಳಗೆ ಹೋದರೆ ಉಳಿತಾಯ ಎಷ್ಟೆಂಬುದನ್ನು ನೀವೇ ಲೆಕ್ಕಹಾಕಿ ನೋಡಿ. ಕಂಡೆನ್ಸೇಟನ್ನು ಚರಂಡಿಗೆ ಬಿಡುವ ಘಟಕಗಳನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಒಂದು ಎಚ್ಚರ ಮಾತ್ರ ಇರಲಿ: ಜಿಗ್ಗರಿನ ಕಾಯಿಲ್ ಎಲ್ಲಾದರೂ ತೂತಾಗಿದ್ದರೆ, ಹಬೆ ನಿಲ್ಲಿಸಿದ ಹೊತ್ತಿನಲ್ಲಿ ಬಣ್ಣದ ನೀರು ಒಳಗೆ ಸೆಳೆಯಲ್ಪಟ್ಟು ಬಾಯ್ಲರನ್ನು ಸೇರಬಹುದು. ಹಿಂದಿರುಗುವ ಕೊಳವೆಯಲ್ಲಿ ಗಾಜಿನ ಕಿಂಡಿಯೊಂದನ್ನು ಇಟ್ಟು ದಿನವೂ ನೀರಿನ ಬಣ್ಣ ನೋಡಿ, ಬಣ್ಣ ಕಂಡ ದಿನ ಆ ನೀರನ್ನು ಹೊರಕ್ಕೆ ತಿರುಗಿಸಿ.

ಪ್ರಶ್ನೆ: ಮಡಕಶಿರಾದ ನಮ್ಮ ರೇಷ್ಮೆ ನೂಲು ಬಿಚ್ಚುವ ಘಟಕದಲ್ಲಿ ಬೆಳಿಗ್ಗೆ ಹಬೆ ಬಿಟ್ಟೊಡನೆ ಮುಖ್ಯ ಕೊಳವೆಯಲ್ಲಿ ಸುತ್ತಿಗೆಯಿಂದ ಹೊಡೆದಂತೆ ಧಡ್ ಧಡ್ ಸದ್ದು ಬರುತ್ತದೆ. ಹತ್ತು ನಿಮಿಷದಲ್ಲಿ ತಾನಾಗಿ ನಿಲ್ಲುತ್ತದೆ. ಇದರಿಂದ ಅಪಾಯವಿದೆಯೇ?

ಉತ್ತರ: ಇದೆ. ನಿಂತಿತಲ್ಲ ಎಂದು ಸಮಾಧಾನಪಟ್ಟುಕೊಳ್ಳಬೇಡಿ.

ರಾತ್ರಿ ಬಾಯ್ಲರ್ ನಿಲ್ಲಿಸಿದ ಮೇಲೆ ಕೊಳವೆಯಲ್ಲಿ ಉಳಿದ ಹಬೆ ನೀರಾಗಿ ತಗ್ಗಿನಲ್ಲಿ ಸೇರುತ್ತದೆ. ಬೆಳಿಗ್ಗೆ ತಣ್ಣನೆಯ ಕಬ್ಬಿಣವನ್ನು ಕಾಯಿಸುವಾಗ ಇನ್ನಷ್ಟು ನೀರಾಗುತ್ತದೆ. ಹಬೆಯ ಕೊಳವೆಗಳಲ್ಲಿ ಹಬೆಯ ವೇಗ ಸಾಮಾನ್ಯವಾಗಿ ಸೆಕೆಂಡಿಗೆ 25ರಿಂದ 30 ಮೀಟರ್, ಎಂದರೆ ಗಂಟೆಗೆ 90ರಿಂದ 108 ಕಿಲೋಮೀಟರ್. ಆ ವೇಗದ ಹಬೆ ನಿಂತ ನೀರಿನ ಮೇಲೆ ಹಾಯುವಾಗ ಅಲೆ ಎದ್ದು, ಅಲೆ ಕೊಳವೆಯ ಅಡ್ಡಗಲವನ್ನೆಲ್ಲ ತುಂಬಿ, ನೀರಿನ ಗಟ್ಟಿ ಮುದ್ದೆಯೊಂದು ಹಬೆಯ ವೇಗದಲ್ಲೇ ಓಡಿಹೋಗಿ ಮೊದಲ ತಿರುವಿಗೆ ಅಥವಾ ಮುಚ್ಚಿದ ವಾಲ್ವಿಗೆ ಅಪ್ಪಳಿಸುತ್ತದೆ. ನೀರನ್ನು ಅಮುಕಲಾಗದು, ಆ ಹೊಡೆತವನ್ನು ಪೂರ್ತಿಯಾಗಿ ತಾಳಿಕೊಳ್ಳಬೇಕಾದದ್ದು ಲೋಹ. ಇದನ್ನು ವಾಟರ್ ಹ್ಯಾಮರ್ ಎನ್ನುತ್ತಾರೆ.

ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ಒಂದು ಕಾರ್ಖಾನೆಯಲ್ಲಿ ಮುಖ್ಯ ಕೊಳವೆಯ ತಗ್ಗಿನಲ್ಲಿದ್ದ ಟ್ರ್ಯಾಪ್ ತಿಂಗಳುಗಟ್ಟಲೆ ತಣ್ಣಗೇ ಇತ್ತು. ಸೋರುತ್ತಿದ್ದ ಟ್ರ್ಯಾಪುಗಳನ್ನು ಬದಲಿಸಲು ಓಡಾಡುತ್ತಿದ್ದ ನಾವು, ಸದ್ದಿಲ್ಲದ ಅದನ್ನು ಚೆನ್ನಾಗಿದೆಯೆಂದೇ ತಿಳಿದಿದ್ದೆವು. ಹಬ್ಬದ ರಜೆ ಮುಗಿದ ದಿನ ವಾಲ್ವನ್ನು ತುಸು ಅವಸರದಲ್ಲಿ ತೆರೆದಾಗ ಎರಡನೆಯ ಹೊಡೆತಕ್ಕೆ ತಿರುವಿನ ಫ್ಲೇಂಜಿನ ಗ್ಯಾಸ್ಕೆಟ್ ಕಿತ್ತುಬಂತು, ಪಕ್ಕದಲ್ಲಿದ್ದ ಜೊತೆಗಾರನ ಮುಂಗೈ ಬೆಂದಿತು. ಆಮೇಲೆ ಬಿಚ್ಚಿ ನೋಡಿದರೆ ಟ್ರ್ಯಾಪಿನ ಹಿಂದಿನ ಜಾಲರಿ ತುಕ್ಕಿನ ಪುಡಿಯಿಂದ ಪೂರ್ತಿ ಕಟ್ಟಿಹೋಗಿತ್ತು. ಅದರ ಪಕ್ಕದಲ್ಲಿ ನಾನು ಎಷ್ಟೋ ಸಲ ಹಾದುಹೋಗಿದ್ದೆ. ಹಬೆ ಉಗುಳುವ ಟ್ರ್ಯಾಪ್ ಹಣವನ್ನು ಮಾತ್ರ ಕಳೆಯುತ್ತದೆ ಮತ್ತು ಎಲ್ಲರ ಕಣ್ಣಿಗೂ ಬೀಳುತ್ತದೆ. ತಣ್ಣಗೆ ಕುಳಿತ ಟ್ರ್ಯಾಪ್ ಯಾರನ್ನೂ ಕರೆಯುವುದಿಲ್ಲ ಎಂಬುದನ್ನು ನಾನು ಕಲಿತದ್ದು ಅಂದು.

ನಿಮ್ಮ ಕೊಳವೆ ಹಬೆ ಹರಿಯುವ ದಿಕ್ಕಿಗೆ ನೂರು ಅಡಿಗೆ ಒಂದು ಅಡಿಯಂತೆ ಇಳಿಜಾರಾಗಿದೆಯೇ ನೋಡಿ. ಪ್ರತಿ 30ರಿಂದ 50 ಮೀಟರಿಗೊಮ್ಮೆ, ಹಾಗೆಯೇ ಕೊಳವೆ ಮೇಲಕ್ಕೇರುವ ಪ್ರತಿ ಜಾಗದ ಬುಡದಲ್ಲಿ, ನೀರು ಇಳಿದು ಸೇರಲು ಕೊಳವೆಯ ತಳಕ್ಕೆ ಜೋಡಿಸಿದ ಒಂದು ಗುಂಡಿಕೊಳವೆ ಮತ್ತು ಟ್ರ್ಯಾಪ್ ಇರಬೇಕು. ಗುಂಡಿಕೊಳವೆಯು ಮುಖ್ಯ ಕೊಳವೆಯಷ್ಟೇ ಅಗಲವಾಗಿರಲಿ. ಅರ್ಧ ಇಂಚಿನ ತೂತು ಕೊರೆದು ಪೈಪ್ ಬೆಸೆದರೆ ನೀರು ಅದರ ಮೇಲಿಂದ ಹಾರಿ ಮುಂದೆ ಹೋಗುತ್ತದೆ. ಬೆಳಿಗ್ಗೆ ತಗ್ಗಿನ ಡ್ರೈನ್ ವಾಲ್ವ್ ತೆರೆದಿಟ್ಟು, ಮುಖ್ಯ ವಾಲ್ವನ್ನು ಕೂದಲೆಳೆಯಷ್ಟು ಮಾತ್ರ ಸಡಿಲಿಸಿ, ಕೊಳವೆ ಕಾದ ಮೇಲೆ ಪೂರ್ತಿ ತೆರೆಯಿರಿ. ಕೊಳವೆಯ ಬೆಸುಗೆಯನ್ನು ಊರಿನ ಸಾಮಾನ್ಯ ವೆಲ್ಡರಿಂದ ಮಾಡಿಸಬೇಡಿ. ಬಾಯ್ಲರಿನ ಹಬೆಕೊಳವೆಗಳೂ ಕಾನೂನಿನ ಪರಿಶೀಲನೆಗೆ ಒಳಪಟ್ಟವು.

ಪ್ರಶ್ನೆ: ನಾನು ಡೆಂಕಣಿಕೋಟೆಯವನು, ಕೃಷ್ಣಗಿರಿಯ ಕಡೆಯ ಮಾವಿನ ತಿರುಳಿನ ಕಾರ್ಖಾನೆಯಲ್ಲಿ ಹೊಸದಾಗಿ ಫಿಟ್ಟರ್ ಕೆಲಸಕ್ಕೆ ಸೇರಿದ್ದೇನೆ. ಮಾವಿನ ಕಾಲ ಆರಂಭವಾಗುವ ಮೊದಲು ಎಲ್ಲ ಟ್ರ್ಯಾಪುಗಳನ್ನೂ ಪರೀಕ್ಷಿಸಲು ಹೇಳಿದ್ದಾರೆ. ಬಿಚ್ಚದೆ ತಿಳಿಯುವುದು ಹೇಗೆ?

ಉತ್ತರ: ನೋಡಿ, ಕೇಳಿ, ಉಷ್ಣತೆ ಅಳೆದು ತಿಳಿಯಬೇಕು, ಮೂರರಲ್ಲಿ ಯಾವುದನ್ನೂ ಒಂಟಿಯಾಗಿ ನಂಬಬಾರದು.

ಟ್ರ್ಯಾಪ್ ಹೊರಗೆ ತೆರೆದುಕೊಂಡಿದ್ದರೆ ಬಾಯಿಯ ಹತ್ತಿರದ ಎರಡು ಮೂರು ಬೆರಳಿನಷ್ಟು ಜಾಗವನ್ನು ದೂರದಿಂದ ನೋಡು. ನಿಜವಾದ ಹಬೆ ಕಣ್ಣಿಗೆ ಕಾಣುವುದಿಲ್ಲ. ಅದು ಸೋರುತ್ತಿದ್ದರೆ ಬಾಯಿಯಿಂದ ಸ್ವಲ್ಪ ದೂರದವರೆಗೆ ಏನೂ ಇಲ್ಲದಂತೆ ತೋರಿ, ಆಮೇಲೆ ಬಿಳಿಯ ಮೋಡ ರಭಸದಿಂದ ಹೊರಡುತ್ತದೆ. ಬಾಯಿಯಿಂದಲೇ ನೀರಿನ ಜೊತೆ ಬಿಳಿಯಾಗಿ, ಮೆಲ್ಲನೆ ತೇಲುವ ಹಬೆಯು ಬಿಸಿನೀರು ಒತ್ತಡ ಕಳೆದುಕೊಂಡಾಗ ಹುಟ್ಟಿದ್ದು. ಅದಕ್ಕಾಗಿ ಒಳ್ಳೆಯ ಟ್ರ್ಯಾಪನ್ನು ಬದಲಿಸಬಾರದು.

ಹೊರಹೋಗುವ ಕೊಳವೆ ಮುಚ್ಚಿದ್ದರೆ ಉದ್ದನೆಯ ಸ್ಕ್ರೂಡ್ರೈವರ್ ಒಂದರ ತುದಿಯನ್ನು ಟ್ರ್ಯಾಪಿನ ಮೈಗೂ ಹಿಡಿಯನ್ನು ಕಿವಿಯ ಬಳಿಯ ಮೂಳೆಗೂ ಒತ್ತಿ ಕೇಳು; ಕಾರ್ಖಾನೆಯಲ್ಲಿ ಅಲ್ಟ್ರಾಸೋನಿಕ್ ಉಪಕರಣ ಇದ್ದರೆ ಇನ್ನೂ ಒಳ್ಳೆಯದು. ಡಿಸ್ಕ್ ಟ್ರ್ಯಾಪ್ ತೆರೆದು, ಮುಚ್ಚಿ, ಸ್ವಲ್ಪ ಮೌನವಾಗಿ, ಮತ್ತೆ ತೆರೆಯಬೇಕು. ತಲೆಕೆಳಗಾದ ಬಕೆಟ್ ಇರುವ ಟ್ರ್ಯಾಪ್ ಕೂಡ ತಡೆತಡೆದು ಕೆಲಸ ಮಾಡುತ್ತದೆ. ಒಳಗೆ ಹಬೆ ಬಂದಾಗ ಬಕೆಟ್ ತೇಲಿ ಬಾಗಿಲು ಮುಚ್ಚುತ್ತದೆ, ನೀರು ತುಂಬಿದಾಗ ಮುಳುಗಿ ತೆರೆಯುತ್ತದೆ. ಅದು ಎಡೆಬಿಡದೆ ಗಲಗಲ ಎನ್ನುತ್ತಿದ್ದರೆ ಬಕೆಟ್ ತೇಲಲು ಬೇಕಾದ ನೀರು ಖಾಲಿಯಾಗಿರಬಹುದು. ಹಿಂದಿನ ವಾಲ್ವನ್ನು ಸ್ವಲ್ಪ ಹೊತ್ತು ಮುಚ್ಚಿಟ್ಟು, ನೀರು ಸೇರಿದ ಮೇಲೆ ನಿಧಾನವಾಗಿ ತೆರೆದರೆ ಎಷ್ಟೋ ಸಲ ಅದು ಸರಿಯಾಗುತ್ತದೆ. ಫ್ಲೋಟ್ ಟ್ರ್ಯಾಪಿನಲ್ಲಿ ಹರಿವು ನಿರಂತರವಾಗಿರುವುದರಿಂದ ಬರಿಯ ಕಿವಿಯಿಂದ ಹೇಳುವುದು ಕಷ್ಟ.

ಉಷ್ಣತೆ ಅಳೆಯುವ ಗನ್ ಸೋರಿಕೆಯನ್ನು ಖಚಿತವಾಗಿ ತೋರಿಸಲಾರದು, ಏಕೆಂದರೆ ಒಂದೇ ಒತ್ತಡದಲ್ಲಿ ಕುದಿನೀರಿಗೂ ಹಬೆಗೂ ಉಷ್ಣತೆ ಒಂದೇ. ಆದರೆ ಟ್ರ್ಯಾಪಿಗೆ ಹಬೆ, ನೀರು ಬರುವ ಬದಿಯೇ ತಣ್ಣಗಿದ್ದರೆ ಅದನ್ನು ಸುಳ್ಳಾಗದಂತೆ ಹೇಳುತ್ತದೆ. ಪ್ರತಿಯೊಂದು ಟ್ರ್ಯಾಪಿಗೂ ಸಂಖ್ಯೆಯ ತಗಡು ಕಟ್ಟಿ, ಪುಸ್ತಕದಲ್ಲಿ ತಣ್ಣಗಿರುವವನ್ನು ಮೊದಲ ಪುಟದಲ್ಲಿ ಬರೆ, ಸೋರುವವನ್ನು ಅನಂತರ. ತಣ್ಣಗಿರುವುದರ ಜಾಲರಿಯನ್ನು ಮೊದಲು ತೊಳೆ. ಅರ್ಧಕ್ಕಿಂತ ಹೆಚ್ಚು ದೋಷಗಳು ಅಲ್ಲೇ ಇರುತ್ತವೆ ಎಂಬುದು ನನ್ನ ಅನುಭವ. ಬಿಚ್ಚುವ ಮೊದಲು ಎರಡೂ ಕಡೆಯ ವಾಲ್ವುಗಳನ್ನು ಮುಚ್ಚಿ, ಒಳಗಿನ ಒತ್ತಡ ಇಳಿದಿದೆಯೆಂದು ಖಚಿತಪಡಿಸಿಕೊಂಡು, ಕೈಗವಸು ಮತ್ತು ಕನ್ನಡಕ ಹಾಕಿಕೋ, ಏಕೆಂದರೆ ಮುಟ್ಟಿದರೆ ತಣ್ಣಗಿರುವ ಟ್ರ್ಯಾಪಿನ ಹಿಂದೆಯೂ 7 ಕೆಜಿ ಒತ್ತಡ ಹಾಗೆಯೇ ನಿಂತಿರಬಹುದು.